ಅಕ್ಕನ ಪಾಲು

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಿಟಕಿ, ಅದೂ ಅಕ್ಕನ ಪಾಲಿಗೆ ಹೋಯಿತು. ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಅಂಟಿಕೊಂಡಂತಿದ್ದ ಬಾಡಿಗೆ ಮನೆ ನಮ್ಮದು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲಿರುವಷ್ಟು ಹಿತ್ತಲು. ಅಪ್ಪ ಗಣಿಯವನಲ್ಲ; ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ತಯಾರಿಸುವ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ. ಕ್ವಾರ್ಟರ್ಸ್ ಸಿಗುವವರೆಗೆ ಇರೋಣ ಎಂದು ಹಿಡಿದ ಮನೆಯಲ್ಲೇ ನಮ್ಮ ಬಾಲ್ಯ ಮುಗಿದುಹೋಯಿತು. ಆ ಕಿಟಕಿಯಲ್ಲಿ ಕೂತರೆ ಊರೇ ಕಾಣುತ್ತಿತ್ತು. ಗಣಿಯಿಂದ ತೆಗೆದು ಸುರಿದ ಬೂದು ಮಣ್ಣಿನ ಗುಡ್ಡ, ಶಿಫ್ಟು ಮುಗಿಸಿ ಬರುವ ಗಂಡಸರು, ನಲ್ಲಿಯ ಹತ್ತಿರ ಕೊಡ ಸಾಲಾಗಿಟ್ಟು ಜಗಳವಾಡುವ ಹೆಂಗಸರು, ಐಸ್‌ಕ್ಯಾಂಡಿ ಮಾರುವವನ ಸೈಕಲ್ಲು, ಎಲ್ಲವೂ. ನನಗೆ ಸಿಕ್ಕಿದ್ದು ಅಡುಗೆಮನೆಯ ಗೋಡೆ. ಅದರ ಮೇಲೆ ಹೊಗೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅಕ್ಕ ಸರೋಜ ನನಗಿಂತ ಏಳು ವರ್ಷ ದೊಡ್ಡವಳು. ಕಾಯಿಲೆ ಬರುವ ಮೊದಲೇ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು ಎಂದು ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ಪಾಪ ಕಾಯಿಲೆಯವಳ ಮೇಲೆ ಎಂದು ಬೈಯುವುದು ಬೇಡ. ಅವಳ ಜಡೆ ಸೊಂಟದ ಕೆಳಗೆ ಬರುತ್ತಿತ್ತು, ನನ್ನದು ಇಲಿಬಾಲ. ಅವಳು ಹಾಡಿದರೆ ಅಪ್ಪ ಅರ್ಧ ಬೀಡಿಯನ್ನು ಆರಿಸಿ ಕೇಳುತ್ತಿದ್ದ, ನಾನು ಹಾಡಿದರೆ ಎದ್ದು ಹೊರಗೆ ಹೋಗಿ ಹಚ್ಚುತ್ತಿದ್ದ. ಬಂದವರೆಲ್ಲ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಇವಳು ಯಾರ ಹಾಗೆ ಎಂದು ಕೇಳುವರು. ಅಮ್ಮ ಒಂದು ದಿನವೂ ನನ್ನ ಹಾಗೆ ಎನ್ನಲಿಲ್ಲ.

ಅವಳು ಕಾಲೇಜಿಗೆ ಸೇರಿದ ಮೇಲೆ ಒಂದು ಬೇಸಿಗೆಯಲ್ಲಿ ಶುರುವಾಯಿತು. ಮೊದಲು ಹಾಡು ನಿಂತಿತು. ಆಮೇಲೆ ಸ್ನಾನ. ಕಿಟಕಿಯ ಕೆಳಗೆ ಮಂಡಿ ಕಟ್ಟಿಕೊಂಡು ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಒಂದು ಸಂಜೆ ಗೋಡೆಯ ಕಡೆ ತಿರುಗಿ, ಅಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ ಕೂಗಿದಳು.

"ಎನ್ನಾ ಪಾಕ್ಕುರೆ? ಚುಮ್ಮಾ ಇರು! ಪೋ!"

ಗಣಿಯವರು ಆಡುವ ತಮಿಳು; ಏನು ನೋಡ್ತೀಯ, ಸುಮ್ಮನಿರು, ಹೋಗು ಎಂದರ್ಥ. ಅಮ್ಮ ಕ್ಯಾಸಂಬಳ್ಳಿಯ ಆಚೆಯ ಹಳ್ಳಿಯವಳು. ಅವಳಿಗೆ ಕನ್ನಡ ಬರುತ್ತಿತ್ತು, ತೆಲುಗು ಬರುತ್ತಿತ್ತು, ತಮಿಳು ಒಂದು ಬಾರದು. ನಮ್ಮ ಮನೆಯಲ್ಲಿ ತಮಿಳು ಆಡುವ ಹಾಗೂ ಇರಲಿಲ್ಲ, ಅದು ಅಪ್ಪನ ಕಟ್ಟಪ್ಪಣೆ. ಅಂಥ ಮನೆಯಲ್ಲಿ, ಅಂಥ ಮಗಳ ಬಾಯಲ್ಲಿ ಆ ಭಾಷೆ ಬಂದದ್ದೇ ತಡ, ಅಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ನಮ್ಮ ಮನೆಯ ಕೆಳಗೂ ಗಣಿಯ ಸುರಂಗ ಹೋಗಿದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಸುರಂಗದಲ್ಲಿ ಕಲ್ಲು ಬಿದ್ದು ಸತ್ತವರ ಕಥೆಗಳಂತೂ ನಲ್ಲಿಯ ಹತ್ತಿರ ದಿನಾ ಸಿಗುತ್ತಿದ್ದವು.

"ಇದು ನಮ್ ಮಗೀನ ಮಾತಲ್ಲ," ಎಂದು ಅಪ್ಪನಿಗೆ ಹೇಳಿದಳು. "ಕೆಳಗಿಂದ ಯಾರೋ ಬಂದು ಸೇರ್ಕೊಂಡವ್ರೆ. ಅವ್ರಿಗೆ ಅಸಿವು."

ಹಸಿವಾದವರಿಗೆ ಬಡಿಸಬೇಕಲ್ಲ. ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಒಂದು ಎಲೆ ಬಿತ್ತು. ಸಾದಾ ಊಟವಲ್ಲ. ಭಾನುವಾರ ಮಟನ್ ತಂದರೆ ಮೂಳೆಯಿಲ್ಲದ ತುಂಡು ಆ ಎಲೆಗೆ, ಅವರೆಕಾಳು ಸಾರು ಮಾಡಿದರೆ ಗಟ್ಟಿ ಕಾಳು ಆ ಎಲೆಗೆ, ಮುದ್ದೆಯ ಮೇಲೆ ತುಪ್ಪದ ಗುಳಿ ಆ ಎಲೆಗೆ. ಮೊದಲು ಅಕ್ಕನಿಗೆ ಬಡಿಸುವುದು, ಆಮೇಲೆ ಅಕ್ಕನೊಳಗೆ ಇರುವವನಿಗೆ, ಆಮೇಲೆ ಅಪ್ಪನಿಗೆ, ಕೊನೆಗೆ ನನಗೆ. ಒಬ್ಬಳೇ ಮಗಳಿಗೆ ಎರಡು ಪಾಲು! ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತೆಳು ಸಾರಿನಲ್ಲಿ ಮುದ್ದೆ ಅದ್ದುತ್ತಾ ಹಿತ್ತಲಿನ ಕಡೆ ನೋಡುತ್ತಿದ್ದೆ. ಬೆಳಿಗ್ಗೆ ಕಾಗೆಗಳು ಬಂದು ಆ ಎಲೆಯನ್ನು ಎಳೆದಾಡಿ ತಿನ್ನುತ್ತಿದ್ದವು. ಕಾಗೆಗಳ ಮೇಲೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಇದಕ್ಕಿಂತ ಉರಿದದ್ದು ಇನ್ನೊಂದಿದೆ. ಆ ತಮಿಳು ನನ್ನದು. ಲೈನಿನ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುವಾಗ ನಾವು ಒಬ್ಬರಿಗೊಬ್ಬರು ಅನ್ನುತ್ತಿದ್ದ ಮಾತುಗಳು ಅವು. ಗೆರೆ ತುಳಿದು ಇಲ್ಲವೆಂದವಳಿಗೆ "ಚುಮ್ಮಾ ಇರು", ನಮ್ಮ ಆಟ ನೋಡುತ್ತಾ ನಿಂತವಳಿಗೆ "ಎನ್ನಾ ಪಾಕ್ಕುರೆ". ಆಟವೆಲ್ಲ ನಡೆಯುತ್ತಿದ್ದದ್ದು ಅಕ್ಕನ ಕಿಟಕಿಯ ಕೆಳಗೇ. ಒಮ್ಮೆ ನಾನು ಮನೆಯೊಳಗೆ ಬಂದೂ ಅದೇ ವೇಗದಲ್ಲಿ "ಪೋ" ಎಂದುಬಿಟ್ಟೆ, ಅಪ್ಪ ಮುದ್ದೆ ತೊಳಸುವ ಕೋಲಿನಿಂದ ಬೆರಳಿನ ಗೆಣ್ಣಿಗೆ ಕೊಟ್ಟಿದ್ದ. ಅದೇ ಮಾತು, ಅದೇ ಉಚ್ಚಾರ. ನನಗೆ ಕೋಲು, ಅವಳಿಗೆ ಮಟನ್. ಇದು ಯಾವ ನ್ಯಾಯ ಎಂದು ನಾನು ಆಗ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ.

ಕೊನೆಗೆ ಅಮ್ಮ ಪಕ್ಕದ ಮನೆಯ ಲೂರ್ದಮ್ಮನನ್ನು ಕರೆದಳು. ಲೂರ್ದಮ್ಮನ ಗಂಡ ಗಣಿಯಲ್ಲಿ ಕೆಳಗೆ ಇಳಿಯುವವನು. ಕೆಳಗಿನವರು ಏನು ಕೇಳುತ್ತಿದ್ದಾರೆಂದು ಅವಳಾದರೂ ತಿಳಿದು ಹೇಳಲಿ ಎಂಬುದು ಅಮ್ಮನ ಲೆಕ್ಕ. ಲೂರ್ದಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಅಕ್ಕನ ಪಕ್ಕ ಕೂತಳು. ಬಹಳ ಹೊತ್ತು ಕೇಳಿದಳು. ಆಮೇಲೆ ಅಮ್ಮನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ, ನನ್ನನ್ನು ಯಾರೂ ಗಮನಿಸುತ್ತಿರಲಿಲ್ಲವಾದ್ದರಿಂದ ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

"ಸತ್ತೋರು ಇಂಗೆ ಮಾತಾಡಲ್ಲ ಮ್ಮಾ. ಇದು ನಮ್ ಪುಳ್ಳೆಂಗ, ಮಕ್ಳು, ಆಟ ಆಡೋ ಮಾತು."

"ಅಂಗಾರೆ ಅವ್ಳು ಗ್ವಾಡೆ ತಾವ ಯಾರ್ ಜೊತೇಲಿ ಮಾತಾಡ್ತಾಳೆ?"

"ಅದು ನಂಗೆ ತೆರಿಯಾದು. ಮಂಡೇಲಿ ಏನೋ ಆಗದೆ. ಬೆಂಗಳೂರಿಗೆ ಕೂಟ್ಕೊಂಡು ಓಗು, ತಡ ಮಾಡ್ಬೇಡ."

ಅಮ್ಮನಿಗೆ ಸಿಟ್ಟು ಬಂತು. ಮಂಡೆಯಲ್ಲಿ ಏನೋ ಆಗಿದೆ ಅನ್ನುವುದಕ್ಕಿಂತ ಒಳಗೊಬ್ಬ ಸತ್ತವನಿದ್ದಾನೆ ಅನ್ನುವುದು ಅವಳಿಗೆ ಹಗುರವಾಗಿತ್ತು. ಲೂರ್ದಮ್ಮನ ಜೊತೆ ಸ್ವಲ್ಪ ದಿನ ಮಾತು ಬಿಟ್ಟಳು. ಅಪ್ಪ ಮಾತ್ರ ಫ್ಯಾಕ್ಟರಿಗೆ ರಜೆ ಹಾಕಿ ಅಕ್ಕನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಹೇಳಿದ ಹೆಸರು ಅವನ ಬಾಯಿಗೆ ಬರಲಿಲ್ಲ. ಸ್ಕಿಜೋಫ್ರೀನಿಯಾ ಎಂದು ನಾನು ಸರಿಯಾಗಿ ಓದಿದ್ದು ಎಷ್ಟೋ ವರ್ಷದ ಮೇಲೆ. ಮಾತ್ರೆ ಕೊಟ್ಟರು. ಅಕ್ಕನ ಕೂಗು ಬರಬರುತ್ತಾ ಗೊಣಗಾಯಿತು, ಗೊಣಗು ತುಟಿ ಅಲ್ಲಾಡುವುದಾಯಿತು. ಅಮ್ಮ ಎರಡು ಕಡೆಯಿಂದಲೂ ನೋಡಿಕೊಂಡಳು: ಮಾತ್ರೆಯನ್ನೂ ನುಂಗಿಸಿದಳು, ಎಲೆಯನ್ನೂ ನಿಲ್ಲಿಸಲಿಲ್ಲ.

ಆ ಬೆಂಗಳೂರಿನ ಪ್ರಯಾಣಗಳು! ತಿಂಗಳಿಗೊಮ್ಮೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದ. ಮಾರಿಕುಪ್ಪಂನಿಂದ ಬರುವ ರೈಲು ಕೋರಮಂಡಲ್ ಸ್ಟೇಷನ್ನಿಗೆ ಬರುವ ಹೊತ್ತಿಗೆ ಅಕ್ಕನ ಕೈ ಹಿಡಿದು ನಿಲ್ಲುತ್ತಿದ್ದ. ನಮ್ಮ ಅಪ್ಪ ಮಕ್ಕಳ ಕೈ ಹಿಡಿಯುವ ಜಾತಿಯವನಲ್ಲ. ನನಗೆ ಜ್ವರ ಬಂದಾಗ ಹಣೆ ಮುಟ್ಟಿದ ನೆನಪೂ ನನಗಿಲ್ಲ. ಅಂಥವನು ಅವಳ ಚೀಲ ಹೆಗಲಿಗೆ ಹಾಕಿಕೊಂಡು, ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಬಂಗಾರಪೇಟೆಯಲ್ಲಿ ರೈಲು ನಿಂತಾಗ ಇಳಿದು ಹೋಗಿ ಇಡ್ಲಿ ಪೊಟ್ಟಣ ತರುತ್ತಿದ್ದನಂತೆ. ಮನೆಯಲ್ಲೂ ಕಿಟಕಿ, ರೈಲಿನಲ್ಲೂ ಕಿಟಕಿ. ಸಂಜೆ ವಾಪಸು ಬಂದಾಗ ಅಕ್ಕನ ಬಟ್ಟೆಯಲ್ಲಿ ಹೋಟೆಲಿನ ವಾಸನೆ ಇರುತ್ತಿತ್ತು. ನಾನು ಅವಳ ಹಿಂದೆ ಬೀಳುತ್ತಿದ್ದೆ.

"ಏನ್ ತಿಂದ್ರಿ? ಏಳೇ ಅಕ್ಕ, ಏನ್ ತಿಂದ್ರಿ?"

ಅಕ್ಕ ನನ್ನನ್ನು ನೋಡಿ, ಬಹಳ ಯೋಚಿಸಿ, ಮಾತ್ರೆಯಿಂದ ದಪ್ಪಗಾದ ನಾಲಿಗೆಯಲ್ಲಿ ಹೇಳುತ್ತಿದ್ದಳು.

"ಗ್ಯಾಪ್ಕ ಇಲ್ಲ ಕಣೇ ವನಿ."

ದೋಸೆ ತಿಂದು ನೆನಪಿಲ್ಲ ಅನ್ನುವುದಕ್ಕಿಂತ ದೊಡ್ಡ ಸೊಕ್ಕು ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು. ನನಗೆ ಸಿಕ್ಕಿದ್ದರೆ ಚಟ್ನಿಯ ಬಣ್ಣವೂ ನೆನಪಿರುತ್ತಿತ್ತು.

ಏಳನೇ ಕ್ಲಾಸಿನಲ್ಲಿ ನಾನು ಇಡೀ ಸ್ಕೂಲಿಗೆ ಮೊದಲು ಬಂದೆ. ಹೆಡ್ಮಾಸ್ಟರು ಬೆನ್ನು ತಟ್ಟಿದರು, ನಾನು ಓಡಿಕೊಂಡು ಮನೆಗೆ ಬಂದೆ. ಬಾಗಿಲಲ್ಲೇ ಸಂಭ್ರಮದ ವಾಸನೆ ಬಂತು. ಅಮ್ಮ ಸಿಹಿ ಪೊಂಗಲ್ ಮಾಡಿದ್ದಳು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿದೆ ಎಂದು ಎದೆ ಉಬ್ಬಿತು. ಒಳಗೆ ಹೋದರೆ ಅಕ್ಕ ಮಣೆಯ ಮೇಲೆ ಕೂತಿದ್ದಾಳೆ, ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಅಕ್ಕ ಅವತ್ತು ಯಾರೂ ಹೇಳದೆ ತಾನೇ ತಲೆಗೆ ನೀರು ಹಾಕಿಕೊಂಡಿದ್ದಳಂತೆ. ಹಬ್ಬ ಆ ಒಂದು ತಂಬಿಗೆ ನೀರಿಗೆ! ನಾನು ಫಸ್ಟ್ ಬಂದೆ ಎಂದೆ. ಒಳ್ಳೇದಾಯ್ತು, ತಟ್ಟೆ ತಕಾ ಎಂದಳು ಅಮ್ಮ. ಆ ಪೊಂಗಲನ್ನು ಎರಡು ಸಲ ಹಾಕಿಸಿಕೊಂಡು ತಿಂದೆ, ಅಕ್ಕನಿಗೆ ಕಡಿಮೆಯಾಗಲಿ ಎಂದು.

ದೊಡ್ಡ ಜಗಳವಾದದ್ದು ಅದಾದ ಕೆಲವು ದಿನಕ್ಕೆ. ಸೆಖೆ ತಡೆಯಲಾಗದೆ ನಾನು ನನ್ನ ಚಾಪೆಯನ್ನು ಮುಂದಿನ ಕೋಣೆಗೆ ತಂದು ಕಿಟಕಿಯ ಕೆಳಗೆ ಹಾಸಿದೆ. ಅಮ್ಮ ಮಾತಾಡದೆ ಚಾಪೆ ಸುತ್ತಿ ಅಡುಗೆಮನೆಗೆ ಎಸೆದಳು. ನಾನು ಮತ್ತೆ ತಂದೆ. ಅವಳು ಮತ್ತೆ ಎಸೆದಳು.

"ಅವ್ಳಿಗೆ ಗಾಳಿ ಬೇಕು ಅಂತ ಡಾಕ್ಟ್ರು ಏಳವ್ರೆ. ನಿಂಗೇನಾಗದೆ ದಾಡಿ? ಚೆನ್ನಾಗಿದ್ದೀಯಲ್ಲ!"

"ಚೆನ್ನಾಗಿರೋದೇ ತಪ್ಪಾ? ನಂಗೂ ಬರ್ಲಿ ಬಿಡು ಆ ಕಾಯ್ಲೆ! ನಂಗೂ ಗ್ವಾಡೆ ಜೊತೆ ಮಾತಾಡಾಕೆ ಬತ್ತದೆ!"

ಮಾತು ಮುಗಿಯುವ ಮೊದಲೇ ಬಾಯಿಯ ಮೇಲೆ ಏಟು ಬಿತ್ತು. ಅಮ್ಮ ಹೊಡೆಯುವವಳಲ್ಲ, ಹೊಡೆತ ಅಪ್ಪನ ಖಾತೆ. ಅವಳು ಹೊಡೆದ ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಒಲೆಯ ಹತ್ತಿರ ಹೋಗಿ ಉಪ್ಪು, ಮೆಣಸಿನಕಾಯಿ ತಂದು ನನಗೆ ಇಳಿ ತೆಗೆದು ಬೆಂಕಿಗೆ ಹಾಕಿದಳು. ಮೆಣಸಿನಕಾಯಿ ಘಾಟು ಬಂತು. ಘಾಟು ಬಂದರೆ ದೃಷ್ಟಿ ಇಲ್ಲ ಎಂದು ಲೆಕ್ಕ, ಆದರೂ ಅವಳ ಮುಖ ಸಡಿಲವಾಗಲಿಲ್ಲ. ಅಂದಿನಿಂದ ಅಕ್ಕನ ಪಕ್ಕ ಮಲಗುವುದನ್ನು ಅಪ್ಪನಿಗೆ ಬಿಟ್ಟು, ಅಡುಗೆಮನೆಯಲ್ಲಿ ನನ್ನ ಪಕ್ಕ ಮಲಗತೊಡಗಿದಳು, ನನ್ನ ಮೇಲೆ ಒಂದು ಕೈ ಹಾಕಿ. ಕೈ ಭಾರವಾಗಿತ್ತು. ಕಿಟಕಿ ಕೇಳಿದ್ದಕ್ಕೆ ಇದು ಶಿಕ್ಷೆ ಎಂದುಕೊಂಡೆ, ಮತ್ತೆ ಓಡಿಹೋಗಿ ಚಾಪೆ ಹಾಸದಿರಲಿ ಎಂದು ಹಿಡಿದುಕೊಂಡಿದ್ದಾಳೆ ಎಂದುಕೊಂಡೆ.

ಇನ್ನೊಂದು ಕಾಟವೂ ಆಗಲೇ ಶುರುವಾಯಿತು. ಲೈನ್ ಮನೆಗಳಲ್ಲಿ ಗೋಡೆ ತೆಳು, ಮಾತು ಜಾಸ್ತಿ. ಹಿತ್ತಲಲ್ಲಿ ಪುಸ್ತಕ ಹಿಡಿದು ಕೂತಿದ್ದರೆ ಯಾರೋ ವನಜಾ ಎಂದ ಹಾಗಾಗುತ್ತಿತ್ತು. ಎದ್ದು ಒಳಗೆ ಹೋಗಿ ಕೇಳುತ್ತಿದ್ದೆ.

"ಕರದ್ಯಾ ಅಮ್ಮಾ?"

"ಊಂ, ಕರದೆ. ಎಲ್ಲಿದ್ದೆ? ಈ ಸೊಪ್ಪು ಬಿಡ್ಸು."

ಯಾವಾಗ ಕೇಳಿದರೂ ಕರೆದೆ ಎನ್ನುವಳು. ಒಂದು ಕೆಲಸ ಹಚ್ಚುವಳು. ಸೊಪ್ಪು ಬಿಡಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ನಲ್ಲಿಯಲ್ಲಿ ನೀರು ಬಂತಾ ನೋಡುವುದು, ಏನೂ ಇಲ್ಲದಿದ್ದರೆ ತೊಳೆದ ಲೋಟವನ್ನೇ ಮತ್ತೆ ತೊಳೆಯುವುದು. ನಾನು ಕೆಲಸ ಮಾಡುತ್ತಿದ್ದರೆ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು, ಸೊಪ್ಪಿನಲ್ಲಿ ಹುಳ ಬಿಟ್ಟೀನೆಂದು. ಅಕ್ಕನೂ ಹೀಗೇ ಎದ್ದು ಬಂದು, ಕರೆದ್ಯಾ ಎಂದು ಕೇಳುವುದಿತ್ತು. ಅವಳಿಗೆ ಬೇರೆಯೇ ಉತ್ತರ.

"ಇಲ್ಲ ಕಣವ್ವ, ಯಾರೂ ಕರೀಲಿಲ್ಲ. ಬಾ, ಇಲ್ಲಿ ಕೂತ್ಕ."

ಹೇಳಿ, ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡು ಹೇನು ನೋಡುತ್ತಿದ್ದಳು. ಒಂದೇ ಪ್ರಶ್ನೆಗೆ ಒಬ್ಬಳಿಗೆ ತೊಡೆ, ಒಬ್ಬಳಿಗೆ ಸೊಪ್ಪು. ಇದನ್ನು ನಾನು ಮರೆಯಲೇ ಇಲ್ಲ. ಮದುವೆಯಾಗಿ ಬಂಗಾರಪೇಟೆಗೆ ಬಂದು, ಹೈಸ್ಕೂಲಿನಲ್ಲಿ ಟೀಚರಾಗಿ, ಕೈಕೆಳಗೆ ನೂರಾರು ಮಕ್ಕಳು ಬಂದು ಹೋದ ಮೇಲೂ, ಕೊತ್ತಂಬರಿ ಸೊಪ್ಪು ಕೈಗೆ ತೆಗೆದುಕೊಂಡರೆ ನನಗೆ ಕೋಪ ಬರುತ್ತದೆ.

ಅಪ್ಪ ಹೋದ ಮೇಲೆ, ಗಣಿ ಮುಚ್ಚಿ ಲೈನುಗಳು ಖಾಲಿಯಾಗತೊಡಗಿದಾಗ, ಅಮ್ಮನನ್ನೂ ಅಕ್ಕನನ್ನೂ ನಾನೇ ಬಂಗಾರಪೇಟೆಗೆ ಕರೆತಂದೆ. ನನ್ನ ಗಂಡ ಬೇಡ ಎನ್ನಲಿಲ್ಲ, ಈಗ ಅವರೂ ಇಲ್ಲ. ಮೂವರು ಹೆಂಗಸರ ಮನೆ. ಅಕ್ಕ ಮಾತ್ರೆ ತಪ್ಪಿಸದೆ ನುಂಗುತ್ತಾಳೆ, ಹೂ ಕಟ್ಟುತ್ತಾಳೆ, ಬೀದಿಯ ಹೆಂಗಸರೆಲ್ಲ ಸರೋಜಕ್ಕ ಕಟ್ಟಿದ ಮಾಲೆಯೇ ಬೇಕು ಎಂದು ಬರುತ್ತಾರೆ. ನನ್ನ ಮನೆಯಲ್ಲಿ ಎಂಟು ಕಿಟಕಿಗಳಿವೆ. ಒಳ್ಳೆಯ ಗಾಳಿ ಬರುವ ಕಿಟಕಿಯ ಕೆಳಗೆ ಮಂಚ ಹಾಕಿಸಿಕೊಂಡವಳು ಯಾರು ಎಂದು ಬೇರೆ ಹೇಳಬೇಕಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಅಕ್ಕನನ್ನು ನೋಡುವ ಆಸ್ಪತ್ರೆಯಲ್ಲಿ, ಒಂದೇ ಮನೆಯ ಕಾಯಿಲೆಯವರ ಮತ್ತು ಕಾಯಿಲೆಯಿಲ್ಲದವರ ಮಿದುಳಿನ ಚಿತ್ರ ತೆಗೆದು ಹೋಲಿಸಿ ನೋಡುವ ಕೆಲಸ ನಡೆಯುತ್ತಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಅಕ್ಕನಿಂದ ಒಪ್ಪಿಗೆ ತೆಗೆದುಕೊಂಡು, ಆಮೇಲೆ ನನ್ನ ಕಡೆ ತಿರುಗಿದಳು.

"ತಂಗಿನೂ ಬೇಕು ನಮಗೆ. ನೀವೂ ಅಷ್ಟೇ ಮುಖ್ಯ ಮೇಡಂ."

ಅಕ್ಕನನ್ನು ನೋಡಿದವರು ತಂಗಿಯೂ ಬೇಕು ಎಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಯಾವ ಪರೀಕ್ಷೆ, ಯಾಕೆ ಎಂದು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹೂಂ ಎಂದುಬಿಟ್ಟೆ. ಮನೆಗೆ ಬಂದು ರೇಷ್ಮೆ ಅಂಚಿನ ಸೀರೆ ತೆಗೆದಿಟ್ಟೆ. ಅಮ್ಮನೂ ಬರಬೇಕೆಂದರು, ಮನೆತನದ ವಿಚಾರ ಕೇಳಲು. ಎಂಬತ್ತು ದಾಟಿದ ಅಮ್ಮ ಕೋಲೂರಿಕೊಂಡು ಹೊರಟಳು. ರೈಲಿನಲ್ಲಿ ನಾನು ಮೊದಲೇ ಹತ್ತಿ ಕಿಟಕಿಯ ಪಕ್ಕ ಕೂತೆ. ಆ ಇಳಿವಯಸ್ಸಿನಲ್ಲೂ ಅದು ನನಗೆ ಗೆಲುವೇ.

ಚಿತ್ರ ತೆಗೆಯುವ ಮೊದಲು ಮೈಮೇಲಿನ ಲೋಹವೆಲ್ಲ ಬಿಚ್ಚಿಸಿದರು. ಬಳೆ, ಓಲೆ, ತಲೆಯ ಪಿನ್ನು. ರೇಷ್ಮೆ ಅಂಚಿನ ಸೀರೆಯನ್ನೂ ಬಿಚ್ಚಿಸಿ ಆಸ್ಪತ್ರೆಯ ಗೌನು ಕೊಟ್ಟರು, ಜರಿ ಇದೆಯಂತೆ. ಮೊದಲು ಅಕ್ಕನೇ ಹೋದಳು, ಅಲ್ಲೂ. ಆಮೇಲೆ ನನ್ನನ್ನು ಮಲಗಿಸಿ ಕೊಳವೆಯಂಥ ಯಂತ್ರದೊಳಗೆ ತಳ್ಳಿದರು. ಕಿವಿಗೆ ಹತ್ತಿ ಇಟ್ಟಿದ್ದರೂ ತಲೆಯ ಸುತ್ತ ಯಾರೋ ಸುತ್ತಿಗೆಯಿಂದ ಬಡಿಯುತ್ತಿರುವಂತೆ ಸದ್ದು. ಅಲುಗಾಡಬೇಡಿ ಎಂದಿದ್ದರು. ಅಲುಗಾಡದೆ ಮಲಗಿದ್ದಾಗ ಒಂದು ಯೋಚನೆ ಬಂತು. ಒಂದೇ ಹೊಟ್ಟೆಯಿಂದ ಬಂದವರು, ಒಂದೇ ನಲ್ಲಿಯ ನೀರು ಕುಡಿದವರು, ನನ್ನ ತಲೆಯೊಳಗೂ ಅದೇ ಇದ್ದರೆ? ಭಯವಾಯಿತು. ಭಯದ ಜೊತೆಗೆ, ಹಾಗಾದರೆ ನನ್ನ ಪಾಲಿನ ತುಪ್ಪ ಎಲ್ಲಿ ಎಂದೂ ಅನ್ನಿಸಿತು. ನಾನು ಇರುವುದೇ ಹೀಗೆ.

ಆಮೇಲೆ ಡಾಕ್ಟರಮ್ಮ ನಮ್ಮನ್ನು ತನ್ನ ಕೋಣೆಯಲ್ಲಿ ಕೂರಿಸಿಕೊಂಡಳು. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಡಾಕ್ಟರಮ್ಮ ಅಮ್ಮನನ್ನು ಕೇಳಿದಳು.

"ಅಜ್ಜಿ, ನಿಮ್ಮ ಕಡೆ ಬೇರೆ ಯಾರಿಗಾದ್ರೂ ಹೀಗೆ ಆಗಿತ್ತಾ?"

ಇಲ್ಲ ಎನ್ನುತ್ತಾಳೆ ಎಂದು ನಾನು ಕಾದೆ. ಯಾವತ್ತೂ ಇಲ್ಲ ಎಂದೇ ಹೇಳಿಕೊಂಡು ಬಂದವಳು. ಅಮ್ಮ ಕೋಲನ್ನು ಮಡಿಲಿನಲ್ಲಿ ಅಡ್ಡ ಇಟ್ಟುಕೊಂಡಳು.

"ನನ್ ತಮ್ಮ ಒಬ್ಬ ಇದ್ದ ತಾಯಿ. ಅವ್ನಿಗೆ ಮೊದ್ಲು ಯಾರೋ ಕರದಂಗೆ ಆಯ್ತಿತ್ತು. ಒಲದಿಂದ ಓಡ್ಬಂದು ಕರದ್ಯಾ ಅಮ್ಮ ಅನ್ನೋನು. ನಮ್ಮಮ್ಮ, ನಾ ಕರೀಲಿಲ್ಲ ಓಗಲಾ ಅಂದ್ಬುಟ್ಲು. ದಿನಾ ಅಂಗೇ ಅಂದ್ಲು. ಆಮೇಲೆ ಅವ್ನು ಬಂದು ಕೇಳೋದ್ನೇ ಬುಟ್ಟ, ಆ ಕರ್ಯೋರ ಜೊತೆಗೇ ಓಗ್ಬುಟ್ಟ. ಮತ್ತೆ ಮನೆಗೆ ಬರ್ಲೇ ಇಲ್ಲ."

ಆ ಮಾವ ಮಿಲಿಟರಿಯಲ್ಲಿ ಸತ್ತ ಎಂದಷ್ಟೇ ನಮಗೆ ಹೇಳಿದ್ದರು. ನಾನು ಅಮ್ಮನ ಮುಖ ನೋಡಿದೆ. ಅವಳು ನನ್ನ ಕಡೆ ಬೆರಳು ತೋರಿಸಿದಳು.

"ಇವ್ಳೂ ಬಂದು ಕೇಳೋಳು, ಕರದ್ಯಾ ಅಂತ. ನಂಗೆ ಜೀವ ಓದಂಗಾಗೋದು. ದೊಡ್ಡೋಳು ಆಗ್ಲೇ ಕೈ ತಪ್ಪೋಗಿದ್ಲು, ಅವ್ಳಿಗೆ ಸುಳ್ಳೇಳಿ ಪ್ರಯೋಜ್ನ ಇಲ್ಲ. ಇವ್ಳಾರ ಉಳೀಲಿ ಅಂತ, ನಾ ಕರೀದೇ ಇದ್ರೂ ಊಂ ಕರದೆ ಅನ್ನೋಳು. ಕರದಿದ್ದು ನಾನೇ ಆದ್ರೆ, ಬ್ಯಾರೆ ಯಾರೂ ಕರದಂಗಾಗಲ್ವಲ್ಲ. ಕೈಗೊಂದು ಕೆಲ್ಸ ಕೊಟ್ಟು ಕಣ್ಮುಂದೆ ಕೂರುಸ್ಕೊಳ್ಳೋಳು."

ಡಾಕ್ಟರಮ್ಮ ನಗಲಿಲ್ಲ, ಅದಕ್ಕೆ ಅವಳನ್ನು ಮೆಚ್ಚಬೇಕು. ಹೆಸರು ಕರೆದ ಹಾಗೆ ಕೇಳಿಸುವುದು ಎಷ್ಟೋ ಮಕ್ಕಳಿಗೆ ಆಗುತ್ತದೆ, ಅದೊಂದೇ ಕಾಯಿಲೆಯಲ್ಲ ಎಂದಳು. ಇಲ್ಲ ಎಂದದ್ದಕ್ಕೆ ತಮ್ಮನಿಗೆ ಕಾಯಿಲೆ ಬಂದದ್ದೂ ಅಲ್ಲ, ಅಜ್ಜಿ, ನಿಮ್ಮ ಅಮ್ಮನ ತಪ್ಪಿಲ್ಲ ಎಂದಳು. ಕರಗಿ ಹೋದೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ಕರಗಲಿಲ್ಲ. ಅಕ್ಕನಿಗೆ ಸಿಕ್ಕಿದ್ದು ಮಡಿಲು, ನನಗೆ ಸಿಕ್ಕಿದ್ದು ಕಾವಲು. ನನ್ನನ್ನು ನೋಡಿದಾಗಲೂ ಅವಳು ನೋಡುತ್ತಿದ್ದದ್ದು ನನ್ನೊಳಗೆ ಅಕ್ಕ ಬಂದಳಾ ಎಂದು. ಆ ಕಣ್ಣುಗಳೂ ಲೆಕ್ಕದಲ್ಲಿ ಅಕ್ಕನವೇ. ಆದರೂ, ಅಷ್ಟು ವರ್ಷ, ಅಷ್ಟು ಹೊತ್ತು, ಒಬ್ಬಳು ನನ್ನ ಮುಖದಿಂದ ಕಣ್ಣು ತೆಗೆಯದೆ ಕೂತಿದ್ದಳು ಎಂಬುದು ಈಗ ಗೊತ್ತಾಯಿತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಡಾಕ್ಟರಮ್ಮ ಕಂಪ್ಯೂಟರ್ ತಿರುಗಿಸಿ ಎರಡು ಚಿತ್ರ ಪಕ್ಕಪಕ್ಕ ತೋರಿಸಿದಳು. ಬೂದು ಬಣ್ಣದ ಮಡಿಕೆಗಳು, ನಡುವೆ ನೀರು ತುಂಬಿದ ಕಪ್ಪು ಪೊಳ್ಳು. ಈ ಕಾಯಿಲೆ ಇರುವ ಅನೇಕರನ್ನು ಒಟ್ಟಿಗೆ ನೋಡಿದಾಗ ಆ ಪೊಳ್ಳು ಸ್ವಲ್ಪ ದೊಡ್ಡದಾಗಿ, ಮೇಲಿನ ಬೂದು ಪದರ ಸ್ವಲ್ಪ ತೆಳುವಾಗಿ ಕಾಣುವುದುಂಟು ಎಂದಳು. ಅವರ ಒಡಹುಟ್ಟಿದವರಲ್ಲಿ, ಕಾಯಿಲೆ ಇಲ್ಲದಿದ್ದರೂ, ಅದರ ಸಣ್ಣ ಛಾಯೆ ಕೆಲವೊಮ್ಮೆ ಇರುತ್ತದಂತೆ. ಆದರೆ ಒಬ್ಬರ ಚಿತ್ರ ಹಿಡಿದು ಇವರಿಗೆ ಬರುತ್ತದೆ, ಬರುವುದಿಲ್ಲ ಎಂದು ಯಾರೂ ಹೇಳಲಾರರು ಎಂದು ಒತ್ತಿ ಹೇಳಿದಳು. ನನಗೆ ಕಂಡದ್ದು ಮಾತ್ರ ಬೇರೆ. ಎರಡು ಚಿತ್ರಗಳಲ್ಲಿ ಒಂದು ದುಂಡಗೆ, ಲಕ್ಷಣವಾಗಿತ್ತು. ಯಾವುದು ಯಾರದು ಎಂದು ಕೇಳಿದೆ. ಲಕ್ಷಣವಾಗಿದ್ದದ್ದು ಅಕ್ಕನದು.

ಅಮ್ಮ ಕಂಪ್ಯೂಟರಿನ ಕಡೆ ನೋಡಲೇ ಇಲ್ಲ. ಡಾಕ್ಟರಮ್ಮನನ್ನೇ ನೋಡುತ್ತಾ ಕೇಳಿದಳು.

"ಅದೆಲ್ಲ ಇರ್ಲಿ ತಾಯಿ. ಇವ್ಳಿಗೆ ಬತ್ತದಾ?"

"ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು ಚಿಕ್ಕ ವಯಸ್ಸಲ್ಲಿ ಅಜ್ಜಿ. ಇವರು ಆ ವಯಸ್ಸು ಯಾವತ್ತೋ ದಾಟಿದ್ದಾರೆ. ಇನ್ನು ಹೆದರ್ಕೊಂಡು ಕೂರ್ಬೇಡಿ."

"ಅಂದ್ರೆ ಇವ್ಳ ಮ್ಯಾಲೆ ಕಣ್ಣಿಟ್ಟಿರ್ಬೇಕಾಗಿಲ್ವಾ?"

"ಬೇಕಾಗಿಲ್ಲ."

ಅಮ್ಮ ಎರಡು ಕೈ ಎತ್ತಿ ಅವಳಿಗೆ ಮುಗಿದಳು. ಕುರ್ಚಿಯಿಂದ ಏಳುವಾಗ ಬೇರೆಯೇ ಹೆಂಗಸಿನ ಹಾಗೆ ಎದ್ದಳು.

ವಾಪಸು ಬರುವಾಗ ರೈಲಿನಲ್ಲಿ ಜನ ಕಡಿಮೆಯಿದ್ದರು. ಮೂವರಿಗೂ ಜಾಗ ಸಿಕ್ಕಿತು, ನಾನು ಅಮ್ಮನ ಎದುರಿಗೆ ಕೂತೆ. ರೈಲಿನಲ್ಲಿ ಅಮ್ಮ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ವೈಟ್‌ಫೀಲ್ಡ್ ದಾಟುವ ಮೊದಲೇ ಬಾಯಿ ಸ್ವಲ್ಪ ತೆರೆದು, ತಲೆಯನ್ನು ಅಕ್ಕನ ಭುಜಕ್ಕೆ ಆನಿಸಿ ಮಲಗಿಬಿಟ್ಟಳು. ಮಾತಾಡಿಸೋಣ ಎಂದು ನಾನು ಕೈ ಚಾಚಿದೆ. ಆ ತಮ್ಮನ ಹೆಸರೇನು ಎಂದು ಕೇಳಬೇಕಿತ್ತು, ಇಲ್ಲವೇ ಏನಾದರೊಂದು. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು.

"ಎಬ್ಬಿಸ್ಬ್ಯಾಡ ಕಣೇ. ಎಷ್ಟೋ ದಿನದ ನಿದ್ದೆ ಇದ್ದಂಗದೆ."

ಬಂಗಾರಪೇಟೆಯಲ್ಲಿ ನಾನೇ ಎಬ್ಬಿಸಿದೆ. ಕಣ್ಣು ಬಿಟ್ಟವಳು ಪಕ್ಕಕ್ಕೆ ತಿರುಗಿ ಸರೋಜ ಎಂದಳು, ಇಲ್ಲೇ ಇದ್ದೀನಮ್ಮ ಎಂದಳು ಅಕ್ಕ. ಇಬ್ಬರೂ ಕೈ ಹಿಡಿದುಕೊಂಡು ನಿಧಾನವಾಗಿ ಇಳಿದರು. ನಾನು ಚೀಲಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದು ಅಲ್ಲೇ ನಿಂತೆ. ಹಿಂದಿನವರು ಇಳೀರಮ್ಮ, ಇಳೀರಿ ಎಂದು ಅವಸರ ಮಾಡಿದರು. ನಾನು ಇಳಿಯದೆ ನಿಂತಿದ್ದು ಅಮ್ಮನಿಗೆ ತಿಳಿಯಲಿಲ್ಲ. ಪ್ಲಾಟ್‌ಫಾರಂ ಮೇಲೆ ಅಕ್ಕನ ಜೊತೆ ಏನೋ ಮಾತಾಡಿಕೊಂಡು, ಕೋಲೂರುತ್ತಾ, ಮೆಟ್ಟಿಲ ಕಡೆ ನಡೆದೇ ಹೋದಳು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅವಳ ಭಯ ಹೋಗಿತ್ತು. ನನಗೆ ಅದು ವಾಪಸು ಬೇಕಾಗಿತ್ತು.